ಟೆಂಟು, ಮುತ್ತು ಮತ್ತು ಮಂಡಪಂ ಕ್ಯಾಂಪು

"ಮಾವ, ಟೆಂಟ್ ತಗೊಂಡ್ ಬರ್ತಾ ಇದ್ದೇನೆ. ಸಮುದ್ರದ ಒಳಗೆ ಚಾಚಿಕೊಂಡಿರೋ ಕಲ್ಲುಬಂಡೆ ಜಾಗ ಯಾವುದಾದ್ರೂ ನೋಡಿಡು. ಜನ ಇರಬಾರ್ದು. ರಾತ್ರಿ ಅಲ್ಲೇ ಮಲಗೋದು, ಬೆಳಿಗ್ಗೆ ಎದ್ದು ನೀರಿಗೆ ಹಾರೋದು."

ಹೀಗೆ ಫೋನು ಮಾಡಿದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಎರಡು ಸಲ ಮುಳುಗಿ ಬಂದ ಮೇಲೆ ಅವನಿಗೆ ನೆಲದ ಮೇಲಿನ ಯಾವುದೂ ರುಚಿಸುತ್ತಿರಲಿಲ್ಲ. ನಾನು ಹಿಂದುಮುಂದು ನೋಡದೆ "ಮಂಡಪಂಗೆ ಹೋಗುವ, ಇಲ್ಲಿ ಎಗ್ಮೋರಿನಲ್ಲೇ ರೈಲು ಹತ್ತಿದ್ರೆ ಆಯ್ತು" ಅಂದುಬಿಟ್ಟೆ. ಅಂದ ಮೇಲೆ ಯೋಚನೆ ಶುರುವಾಯಿತು. ಮೂವತ್ತೆಂಟು ವರ್ಷ ಎಗ್ಮೋರಿನಲ್ಲಿದ್ದೂ ನಾನು ಒಮ್ಮೆಯೂ ಆ ಕಡೆ ಹೋದವನಲ್ಲ!

ನಾನು ಕುಂದಾಪುರದ ಕಡೆಯವನು. 1984ರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು ಅಂತ ಮದ್ರಾಸಿಗೆ ಬಂದೆ. ಮಂಗಳೂರಿನಿಂದ ಬಂದವನು ಇಳಿದದ್ದು ಸೆಂಟ್ರಲ್ಲಿನಲ್ಲಿ, ಆದರೆ ರೂಮು ಸಿಕ್ಕಿದ್ದು ಎಗ್ಮೋರಿನಲ್ಲಿ, ಪ್ಯಾಂಥಿಯನ್ ರಸ್ತೆಗೆ ಹತ್ತಿರ. ಎರಡು ವರ್ಷ ಇದ್ದು ಊರಿಗೆ ವಾಪಸ್ಸು ಅಂತ ಲೆಕ್ಕ ಹಾಕಿದ್ದೆ. ಎಲ್ಲರೂ ಹಾಗೇ ಅಲ್ವಾ ಹಾಕುವುದು... ಆಗ ಭಾನುವಾರ ಹೊತ್ತು ಕಳೆಯಲು ನನಗೆ ಗೊತ್ತಿದ್ದದ್ದು ಒಂದೇ ಜಾಗ, ಸರ್ಕಾರಿ ಮ್ಯೂಸಿಯಂ. ಅಲ್ಲಿ ದೊಡ್ಡ ತಿಮಿಂಗಿಲದ ಎಲುಬುಗೂಡು ತೂಗುಹಾಕಿದ್ದಾರೆ, ಸುಮಾರು 60 ಅಡಿ ಉದ್ದ. 1874ರಲ್ಲಿ ನಮ್ಮ ಮಂಗಳೂರು ಕಡಲತೀರಕ್ಕೆ ಬಂದು ಬಿದ್ದದ್ದಂತೆ. ಆಗ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತಲ್ಲ, ಸತ್ತ ತಿಮಿಂಗಿಲವೂ ರಾಜಧಾನಿಗೇ ಬರಬೇಕು! ಅದರ ಕೆಳಗೆ ನಿಂತಾಗಲೆಲ್ಲ "ನೀನೂ ನಮ್ಮ ಕಡೆಯವನೇ ಮಾರಾಯ" ಅಂತ ಮನಸ್ಸಿನಲ್ಲೇ ಮಾತಾಡಿಸುತ್ತಿದ್ದೆ. ನಗಬೇಡಿ, ಒಂಟಿಯಾಗಿ ಊರು ಬಿಟ್ಟು ಬಂದವರಿಗೆ ಇದು ಅರ್ಥವಾಗುತ್ತದೆ.

ಮಂಡಪಂ ವಿಷಯ ನನಗೆ ತಿಳಿದದ್ದೂ ಇದೇ ಮ್ಯೂಸಿಯಂ ದೆಸೆಯಿಂದ. ನಿವೃತ್ತಿಯಾದ ಮೇಲೆ ಹಳೆಯ ಬುಲೆಟಿನ್‌ಗಳನ್ನು ಓದುವ ಚಟ ಹಿಡಿಯಿತು. 1894ರಲ್ಲಿ ಮದ್ರಾಸ್ ಮ್ಯೂಸಿಯಂ ಹೊರತಂದ ಮೊಟ್ಟಮೊದಲ ಬುಲೆಟಿನ್ ಯಾವುದರ ಮೇಲೆ ಗೊತ್ತೇ? ಶಿಲ್ಪದ ಮೇಲೆ ಅಲ್ಲ, ನಾಣ್ಯದ ಮೇಲೂ ಅಲ್ಲ. ಮನ್ನಾರ್ ಕೊಲ್ಲಿಯ ಮುತ್ತು ಮತ್ತು ಶಂಖದ ಬೇಟೆಯ ಮೇಲೆ. ಬರೆದವನು ಎಡ್ಗರ್ ಥರ್ಸ್ಟನ್, 1885ರಿಂದ ಇಲ್ಲಿ ಸೂಪರಿಂಟೆಂಡೆಂಟ್. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ 1909ರಲ್ಲಿ ಏಳು ಸಂಪುಟ ತಂದ ಅದೇ ಥರ್ಸ್ಟನ್. ಮ್ಯೂಸಿಯಂಗೆ ಬಂದ ಜನರನ್ನು ಹಿಡಿದು ತಲೆ ಎಷ್ಟು ಅಗಲ, ಮೂಗು ಎಷ್ಟು ಉದ್ದ ಅಂತ ಅಳತೆ ಮಾಡುತ್ತಿದ್ದ ಆಸಾಮಿ. 1895ರಲ್ಲಿ ರಾಮೇಶ್ವರ ದ್ವೀಪ ಮತ್ತು ಆ ಕೊಲ್ಲಿಯ ಜೀವಿಗಳ ಮೇಲೆ ಇನ್ನೊಂದು ಬುಲೆಟಿನ್ ಬರೆದ. ಅಂದರೆ ನನ್ನ ರೂಮಿನಿಂದ ಐದು ನಿಮಿಷದ ದೂರದಲ್ಲಿ ಕೂತವನೊಬ್ಬ ಆ ಕಡಲಿನ ತಳದ ಲೆಕ್ಕವನ್ನೆಲ್ಲ ಬರೆದಿಟ್ಟಿದ್ದ.

2023ರ ಫೆಬ್ರವರಿಯಲ್ಲಿ ಹೊರಟೆವು. ಎಗ್ಮೋರ್ ಸ್ಟೇಷನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೆಂಪು ಬಿಳಿ ಗುಮ್ಮಟದ ಈ ಕಟ್ಟಡ ತೆರೆದದ್ದು 1908ರಲ್ಲಿ. ಕಟ್ಟಿದ ಕಂಟ್ರಾಕ್ಟರ್ ಸಾಮಿನಾಥ ಪಿಳ್ಳೆ ಬೆಂಗಳೂರಿನವರು. ನಾನು ಬಂದಾಗ ಇದು ಮೀಟರ್ ಗೇಜಿನ ರಾಜಧಾನಿ. ರಾತ್ರಿ ರೂಮಿಗೆ ಕೇಳುತ್ತಿದ್ದ ಸದ್ದೇ ಬೇರೆ, ಚಿಕ್ಕ ಗಾಡಿಗಳ ಅವಸರದ ಸದ್ದು. ಆ ಗಾಡಿಗಳಲ್ಲಿ ಒಂದಕ್ಕೆ 'ಬೋಟ್ ಮೇಲ್' ಅಂತ ಹೆಸರು. ನೆಲದ ಮೇಲೆ ಓಡುವ ಗಾಡಿಗೆ ದೋಣಿ ಯಾಕೆ ಅಂತ ನಾನು ಬಹಳ ವರ್ಷ ಕೇಳಿಕೊಂಡಿರಲಿಲ್ಲ. 1914ರ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಎಗ್ಮೋರಿನಲ್ಲಿ ಹತ್ತಿದವರು ಧನುಷ್ಕೋಡಿಯ ತನಕ ರೈಲಿನಲ್ಲಿ ಹೋಗಿ, ಅಲ್ಲಿ ಹಡಗು ಹತ್ತಿ, ತಲೈಮನ್ನಾರಿನಲ್ಲಿ ಇಳಿದು ಮತ್ತೆ ರೈಲು ಹಿಡಿದು ಕೊಲಂಬೋ ಸೇರುತ್ತಿದ್ದರು. ರೈಲು, ಹಡಗು, ರೈಲು. ಎಲ್ಲದಕ್ಕೂ ಸೇರಿ ಒಂದೇ ಟಿಕೆಟ್.

ನಾವು ಹೋಗುವಾಗ ರೈಲು ರಾಮೇಶ್ವರಕ್ಕೆ ಹೋಗುತ್ತಲೇ ಇರಲಿಲ್ಲ. 2022ರ ಡಿಸೆಂಬರಿನಲ್ಲಿ ಹಳೆಯ ಸೇತುವೆ ಮೇಲೆ ಸಂಚಾರ ನಿಲ್ಲಿಸಿದ್ದರು. (ಪಕ್ಕದ ಹೊಸ ಸೇತುವೆ 2025ರ ಏಪ್ರಿಲಿನಲ್ಲಿ ತೆರೆಯಿತು, ಈಗ ಮತ್ತೆ ನೇರ ಗಾಡಿ ಇದೆ.) ಹೀಗಾಗಿ ಮಂಡಪಂನಲ್ಲೇ ಎಲ್ಲರೂ ಇಳಿಯಬೇಕಾಯಿತು. ತೀರ್ಥಯಾತ್ರೆಯವರೆಲ್ಲ ಬಸ್ಸು ಹುಡುಕಿಕೊಂಡು ಓಡಿದರು. ನಾವಿಬ್ಬರು ಮಾತ್ರ ಟೆಂಟಿನ ಗಂಟು ಹೊತ್ತುಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತೆವು.

ನಮ್ಮ ಕಡೆಯವರಿಗೆ ಸಮುದ್ರಕ್ಕೆ ಚಾಚಿದ ಕಲ್ಲಿನ ಜಾಗ ಅಂದರೆ ಗೋಕರ್ಣದ ಓಂ ಬೀಚಿನ ಪಕ್ಕದ ಗುಡ್ಡ, ಮುರ್ಡೇಶ್ವರದ ಕಂದುಕಗಿರಿ, ಇಂಥದ್ದು. ಹಸಿರು ಇರುತ್ತದೆ, ಎತ್ತರ ಇರುತ್ತದೆ, ಅಲೆ ಬಂದು ಬಂಡೆಗೆ ಅಪ್ಪಳಿಸುತ್ತದೆ. ಮಂಡಪಂ ಹಾಗಲ್ಲ. ರಾಮನಾಥಪುರದ ನೆಲ ಕಿರಿದಾಗುತ್ತ ಆಗುತ್ತ ಕೊನೆಗೆ ಒಂದು ಮೂತಿಯ ಹಾಗೆ ಕಡಲೊಳಗೆ ಇಳಿದುಬಿಡುತ್ತದೆ. ಒಂದು ಬದಿ ಪಾಕ್ ಕೊಲ್ಲಿ, ಇನ್ನೊಂದು ಬದಿ ಮನ್ನಾರ್ ಕೊಲ್ಲಿ. ಎತ್ತರ ಎಂಬುದೇ ಇಲ್ಲ. ಆದರೆ ಕಲ್ಲು ಉಂಟು, ಎಂಥಾ ಕಲ್ಲು! ಸತ್ತು ಕಲ್ಲಾದ ಹವಳ, ಮರಳುಗಲ್ಲು, ಎಲ್ಲ ತೂತು ತೂತಾಗಿ ಕತ್ತಿಯ ಹಾಗೆ ಹರಿತ. ಚಪ್ಪಲಿ ಇಲ್ಲದೆ ಹತ್ತು ಹೆಜ್ಜೆ ಇಡಲಾಗುವುದಿಲ್ಲ. ಆ ಕಲ್ಲಿನ ಸಾಲೇ ನೀರಿನಡಿಯಲ್ಲಿ ಮುಂದುವರಿದು ಪಾಂಬನ್ ದ್ವೀಪಕ್ಕೆ ಹೋಗುತ್ತದೆ. 1480ರ ಚಂಡಮಾರುತಕ್ಕೆ ಮೊದಲು ನಡೆದೇ ದಾಟಬಹುದಿತ್ತು ಎಂದು ರಾಮೇಶ್ವರ ದೇವಸ್ಥಾನದ ದಾಖಲೆ ಹೇಳುತ್ತದಂತೆ. ಕುರುಚಲು ಮುಳ್ಳು, ತಾಳೆಮರ, ಬಿಸಿಲು, ಗಾಳಿ. ಹುಡುಗನಿಗೆ ಬಹಳ ಖುಷಿಯಾಯಿತು. "ಇದೇ ಮಾವ ನಾನು ಕೇಳಿದ್ದು" ಅಂದ.

ಖುಷಿ ಅರ್ಧ ಗಂಟೆ ಉಳಿಯಿತು. ಎದುರಿಗೆ ಕಾಣುವ ದ್ವೀಪದಲ್ಲಿ ಟೆಂಟು ಹಾಕುತ್ತೇವೆ ಅಂತ ಮೀನುಗಾರರೊಬ್ಬರನ್ನು ಕೇಳಿದರೆ ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ರಾಮೇಶ್ವರದಿಂದ ತೂತ್ತುಕುಡಿಯವರೆಗಿನ 21 ದ್ವೀಪಗಳೂ 1986ರಿಂದ ರಾಷ್ಟ್ರೀಯ ಉದ್ಯಾನ, ಅಲ್ಲಿ ರಾತ್ರಿ ತಂಗುವ ಹಾಗೇ ಇಲ್ಲ. ನಾನು ಮೊದಲೇ ವಿಚಾರಿಸಬೇಕಿತ್ತು, ತಪ್ಪು ನನ್ನದೇ. 21 ಅಂದೆನಲ್ಲ, ಅದರಲ್ಲಿ ಎರಡು, ಪೂವರಸನ್‌ಪಟ್ಟಿ ಮತ್ತು ವಿಳಂಗುಶಲ್ಲಿ, ನೀರಿನಡಿ ಹೋಗಿಬಿಟ್ಟಿವೆ. ಸುಣ್ಣಕ್ಕೆ, ಸಿಮೆಂಟಿಗೆ, ಮನೆ ಕಟ್ಟಲಿಕ್ಕೆ ಅಂತ ಸುತ್ತಲಿನ ಹವಳವನ್ನು ದಶಕಗಟ್ಟಲೆ ಅಗೆದು ಸಾಗಿಸಿದ ಮೇಲೆ ಅಲೆಗೆ ಅಡ್ಡ ನಿಲ್ಲುವುದೇನೂ ಉಳಿಯಲಿಲ್ಲ. ಇದನ್ನು ಕೇಳಿದ ಮೇಲೆ ಕಾನೂನು ಸರಿಯಾಗೇ ಇದೆ ಅನ್ನಿಸಿತು. ಟೆಂಟನ್ನು ಕೊನೆಗೆ ಲಾಡ್ಜಿನವರ ಒಪ್ಪಿಗೆ ಪಡೆದು ಅವರ ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಹಾಕಿದ್ದಾಯಿತು. ಅವನು ಅದರೊಳಗೆ ಮಲಗಿದ. ನಾನು ಫ್ಯಾನಿನ ಕೆಳಗೆ.

ಮಾರನೆಯ ಬೆಳಿಗ್ಗೆ ಉದ್ಯಾನದ ಗಡಿಯಿಂದ ಹೊರಗೆ, ಪಾಕ್ ಕೊಲ್ಲಿಯ ಕಡೆ, ಅವನು ಮುಖಕ್ಕೆ ಗಾಜು ಕಟ್ಟಿಕೊಂಡು ಇಳಿದ. ಸಿಲಿಂಡರ್ ಇಲ್ಲ, ಬರೀ ಉಸಿರು. ಎದೆಮಟ್ಟದ ನೀರಿನಲ್ಲಿ ನಾನೂ ಅವನ ಗಾಜು ತಗೊಂಡು ಮುಖ ಅದ್ದಿದೆ. ಅವನು ಗಡಿಯಾರ ನೋಡಿದ. "ಇಪ್ಪತ್ತಮೂರು ಸೆಕೆಂಡ್ ಮಾವ." ನನಗೆ ಐದು ನಿಮಿಷ ಆಯ್ತು ಅನ್ನಿಸಿತ್ತು. ಅಲ್ಲೇ ದಡದಲ್ಲಿ ಕೂತು ಕೆಮ್ಮುತ್ತಿರುವಾಗ ಓದಿದ್ದೆಲ್ಲ ಬೇರೆಯೇ ರೀತಿಯಲ್ಲಿ ತಲೆಗೆ ಹತ್ತಲು ಶುರುವಾಯಿತು.

ಈ ಕೊಲ್ಲಿಯ ಮುತ್ತಿನ ಮುಳುಗಾಳುಗಳಿಗೆ ನೀರಿನಡಿಯಲ್ಲಿ ಸಿಗುತ್ತಿದ್ದ ಸಮಯ ಸುಮಾರು ಒಂದು ನಿಮಿಷ. ಆಳ ಐವತ್ತು ಅರವತ್ತು ಅಡಿಯವರೆಗೂ. ಹಗ್ಗಕ್ಕೆ ಹದಿನೈದು ಕಿಲೋ ಆಸುಪಾಸಿನ ಕಲ್ಲು ಕಟ್ಟಿ, ಅದರ ಮೇಲೆ ಕಾಲಿಟ್ಟು, ಮೂಗು ಹಿಡಿದುಕೊಂಡು ತಳಕ್ಕೆ ಬೀಳುವುದು. ಅರಬ್ ದೇಶದಿಂದ ಬರುತ್ತಿದ್ದವರಿಗೆ ಮೂಗಿಗೆ ಕೊಂಬಿನ ಚಿಮುಟವಾದರೂ ಇತ್ತು, ನಮ್ಮವರಿಗೆ ಬೆರಳೇ. ತಳ ಮುಟ್ಟಿದ ಕೂಡಲೇ ಮೇಲಿನವನು ಕಲ್ಲನ್ನು ಎಳೆದುಕೊಳ್ಳುತ್ತಾನೆ. ಕೆಳಗಿನವನು ಎರಡೂ ಕೈಯಲ್ಲಿ ಚಿಪ್ಪುಗಳನ್ನು ಬಾಚಿ ಬಲೆಚೀಲಕ್ಕೆ ತುಂಬಿ ಹಗ್ಗ ಜಗ್ಗಬೇಕು. ಜಗ್ಗಿದ್ದು ಮೇಲಿನವನಿಗೆ ತಿಳಿಯಬೇಕು. ಇಡೀ ವ್ಯವಹಾರ ನಿಂತಿರುವುದು ಆ ಹಗ್ಗ ಹಿಡಿದವನ ಮೇಲಿನ ನಂಬಿಕೆಯಲ್ಲಿ. ಒಂದು ದಿನಕ್ಕೆ ಹೀಗೆ ಹತ್ತಾರು ಸಲ.

ಯಾರು ಇವರು? ತೂತ್ತುಕುಡಿ ಕಡೆಯ ಪರತವರು, ಕೀಳಕರೈ ಕಡೆಯ ಮುಸ್ಲಿಮರು. ಕೀಳಕರೈ ಇರುವುದು ಮಂಡಪಂ ಇರುವ ಇದೇ ಕರಾವಳಿಯಲ್ಲಿ, ಶಂಖಕ್ಕೆ ಮುಳುಗುವುದರಲ್ಲಿ ಹೆಸರಾದ ಊರು. ಇಲ್ಲಿಂದ ಹೋದ ಶಂಖ ಬಂಗಾಳದಲ್ಲಿ ಬಳೆಯಾಗುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ, ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ ಪಾಂಡ್ಯರ ಕೊರ್ಕೈನಲ್ಲಿ ಮುತ್ತು ತೆಗೆಯುವುದು ಶಿಕ್ಷೆಗೊಳಗಾದ ಅಪರಾಧಿಗಳ ಕೆಲಸ ಅಂತ ಇದೆ. ಜೈಲು ಶಿಕ್ಷೆಯ ಬದಲು ಮುತ್ತು! ಹದಿಮೂರನೇ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೋ ಇನ್ನೊಂದು ಸ್ವಾರಸ್ಯ ಹೇಳುತ್ತಾನೆ. ಶಾರ್ಕ್ ಮೀನುಗಳನ್ನು ಮಂತ್ರದಿಂದ ಕಟ್ಟುವವರಿದ್ದರು, ಸಿಕ್ಕಿದ್ದರಲ್ಲಿ ಇಪ್ಪತ್ತರಲ್ಲೊಂದು ಪಾಲು ಅವರಿಗೆ, ಹತ್ತರಲ್ಲೊಂದು ರಾಜನಿಗೆ. ಸಂಜೆಯಾದ ಕೂಡಲೇ ಮಂತ್ರ ಬಿಚ್ಚಿಬಿಡುತ್ತಿದ್ದರಂತೆ, ರಾತ್ರಿ ಯಾರೂ ಕದ್ದು ಮುಳುಗಬಾರದಲ್ಲ! ಕಾವಲುಗಾರನ ಸಂಬಳ ಉಳಿಯಿತು.

ಬ್ರಿಟಿಷರು ಬಂದ ಮೇಲೆ ರಾಜನ ಹತ್ತರಲ್ಲೊಂದು ಹೋಗಿ ಮೂರರಲ್ಲಿ ಎರಡು ಪಾಲು ಸರ್ಕಾರಕ್ಕೆ ಎಂದಾಯಿತು. ಮುಳುಗಿದವನಿಗೆ ಮೂರರಲ್ಲೊಂದು, ಅದರಲ್ಲೇ ಹಗ್ಗ ಹಿಡಿದವನಿಗೂ ದೋಣಿಯವನಿಗೂ ಕೊಡಬೇಕು. ಹಂಗಾಮು ಅಂದರೆ ಖಾಲಿ ಮರಳಿನ ಮೇಲೆ ರಾತ್ರೋರಾತ್ರಿ ಒಂದು ಊರೇ ಏಳುತ್ತಿತ್ತು. ತಾಳೆಗರಿಯ ಗುಡಿಸಲು, ಬಜಾರು, ಪೊಲೀಸು, ಆಸ್ಪತ್ರೆ, ಸಾಲ ಕೊಡುವವರು. ಸಂಜೆ ಚಿಪ್ಪುಗಳನ್ನು ಸಾವಿರದ ಲೆಕ್ಕದಲ್ಲಿ ಹರಾಜು ಹಾಕುವುದು. ಕೊಂಡವನು ಅವನ್ನು ಕೊಳೆಯಲು ಬಿಟ್ಟು, ನೊಣ ಮುತ್ತಿ, ಮಾಂಸವೆಲ್ಲ ನೀರಾಗಿ ಹೋದ ಮೇಲೆ ತೊಳೆದು ಮುತ್ತು ಹುಡುಕುವುದು. ಆ ನಾತದ ಬಗ್ಗೆ ಬರೆಯದ ಪ್ರವಾಸಿಯೇ ಇಲ್ಲ. ಅತ್ತ ಸಿಲೋನಿನ ದಡದ ಮರಿಚ್ಚುಕಟ್ಟಿಯಲ್ಲಿ 1905ರಲ್ಲಿ ಎಂಟು ಕೋಟಿಗೂ ಹೆಚ್ಚು ಚಿಪ್ಪು ಮೇಲೆ ಬಂತು. ಹಂಗಾಮು ಮುಗಿದ ಕೂಡಲೇ ಊರು ಮಾಯ. ನನ್ನ ಅಳಿಯನಿಗೆ ಹೇಳಿದೆ, "ನೋಡು ಕ್ಯಾಂಪಿಂಗ್ ಮತ್ತು ಡೈವಿಂಗ್ ಅಂದರೆ ಇಲ್ಲಿ ಇದು."

ಥರ್ಸ್ಟನ್ 1889ರ ತೂತ್ತುಕುಡಿ ಹಂಗಾಮನ್ನು ಕಣ್ಣಾರೆ ಕಂಡವನು. ಮಾರನೆಯ ವರ್ಷದ ಸಂಗತಿಯನ್ನೂ ಬರೆದಿದ್ದಾನೆ. 1890ರಲ್ಲಿ ಒಬ್ಬ ಮುಳುಗಾಳಿಗೆ ಶಾರ್ಕ್ ಕಚ್ಚಿತು. ಯಾರೂ ನೀರಿಗಿಳಿಯಲು ಒಪ್ಪಲಿಲ್ಲ. ಮಂತ್ರ ಬಲ್ಲ ಹೆಂಗಸೊಬ್ಬಳನ್ನು ಕರೆಸಿದ ಮೇಲೆ ಮತ್ತೆ ಇಳಿದರು. ಆಮೇಲೆ ಇನ್ನಷ್ಟು ಜನಕ್ಕೆ ಕಚ್ಚಿತು, ಹಂಗಾಮನ್ನೇ ನಿಲ್ಲಿಸಬೇಕಾಯಿತು. ಗಾಳಿ ಚೆನ್ನಾಗಿತ್ತು, ನೀರು ತಿಳಿಯಾಗಿತ್ತು, ಬೆಲೆಯೂ ಒಳ್ಳೆಯದಿತ್ತು, ಇಂಥ ಹೊತ್ತಿನಲ್ಲಿ ನಿಲ್ಲಿಸಬೇಕಾಯಿತಲ್ಲ ಎಂಬ ಬೇಸರ ಅವನ ಬರಹದಲ್ಲಿದೆ. ಕಚ್ಚಿಸಿಕೊಂಡವನ ಹೆಸರು ನನಗೆ ಅದರಲ್ಲಿ ಸಿಗಲಿಲ್ಲ. ಲೆಕ್ಕ ಬರೆದು ಹೊಟ್ಟೆ ಹೊರೆದವನು ನಾನು, ಥರ್ಸ್ಟನ್ನನನ್ನು ಬೈಯುವ ಮುಖವಿಲ್ಲ. ಲೆಡ್ಜರಿನಲ್ಲಿ ಮೊತ್ತಕ್ಕೆ ಕಾಲಂ ಇರುತ್ತದೆ, ಉಸಿರಿಗೆ ಇರುವುದಿಲ್ಲ.

ಇಲ್ಲಿಯವರೆಗೆ ಇದು ಬೇರೆಯವರ ಕಥೆ ಅಂತ ಆರಾಮಾಗಿ ಹೇಳುತ್ತಿದ್ದೆ. ಅಳಿಯ ಒಂದು ಪ್ರಶ್ನೆ ಕೇಳಿ ಕೆಡಿಸಿದ. "ಹಂಪಿಯಲ್ಲಿ ಮುತ್ತುರತ್ನ ಬೀದಿಯಲ್ಲಿ ಸೇರಿನಲ್ಲಿ ಅಳೆದು ಮಾರ್ತಿದ್ರು ಅಂತ ಶಾಲೆಯಲ್ಲಿ ಹೇಳ್ತಾರಲ್ಲ ಮಾವ. ಆ ಮುತ್ತು ಎಲ್ಲಿಂದ ಬರ್ತಿತ್ತು?"

ಹಂಪಿಯ ಸುತ್ತಮುತ್ತ ಕಡಲು ಇಲ್ಲವಲ್ಲ! ಒಂದಿಷ್ಟು ಪರ್ಷಿಯಾ ಕೊಲ್ಲಿಯಿಂದ, ಹೊರ್ಮುಜ್ ಬಂದರಿನ ಮೂಲಕ, ಕುದುರೆಗಳ ಜೊತೆಗೆ. ಇನ್ನೊಂದಿಷ್ಟು ಇಲ್ಲಿಂದ. ಮನ್ನಾರ್ ಕೊಲ್ಲಿಗೆ ಎರಡು ತುದಿ. ಒಂದು ನಾವು ಕೂತಿದ್ದ ಮಂಡಪಂ-ಪಾಂಬನ್ ಮೂತಿ, ಇನ್ನೊಂದು ತೆಂಕಣದ ಕನ್ಯಾಕುಮಾರಿಯ ಬಂಡೆಗಳು. ನಡುವಿನ ಕರಾವಳಿಗೆ ಪೋರ್ಚುಗೀಸರು ಇಟ್ಟ ಹೆಸರೇ ಮೀನುಗಾರಿಕೆ ಕರಾವಳಿ, ಮೀನು ಅಂದರೆ ಇಲ್ಲಿ ಮುತ್ತು ಅಂತ ಓದಿಕೊಳ್ಳಬೇಕು. 1530ರ ದಶಕದಲ್ಲಿ ಪರತವರು ಪೋರ್ಚುಗೀಸರ ರಕ್ಷಣೆ ಬೇಡಿ ಸಾವಿರಗಟ್ಟಲೆ ಕ್ರೈಸ್ತರಾದರು. ವಿಜಯನಗರಕ್ಕೆ ಇದು ಹಿಡಿಸಲಿಲ್ಲ. ದಕ್ಷಿಣದ ಕಪ್ಪ ಕೈತಪ್ಪಬಾರದು. 1540ರ ದಶಕದಲ್ಲಿ, ಸದಾಶಿವರಾಯನ ಕಾಲದಲ್ಲಿ, ವಿಠ್ಠಲನೆಂಬ ಅರವೀಡು ಮನೆತನದ ಸೇನಾನಿ ದಂಡು ತೆಗೆದುಕೊಂಡು ತಿರುವಾಂಕೂರಿನವರೆಗೆ ಇಳಿದ.

ಆಗ ಫ್ರಾನ್ಸಿಸ್ ಕ್ಸೇವಿಯರ್ ಈ ಕರಾವಳಿಯಲ್ಲಿದ್ದ. 1544ರ ಜೂನ್ ತಿಂಗಳಿನಲ್ಲಿ ಅವನು ಬರೆದ ಪತ್ರಗಳಿವೆ. 'ಬಡಗರು' ಬಂದರು, ಕನ್ಯಾಕುಮಾರಿ ಕಡೆಯ ಕಡಲ ಜನ ಅವರಿಗೆ ಹೆದರಿ ಸಮುದ್ರದೊಳಗಿನ ಬಂಡೆಗಳಿಗೆ ಓಡಿಹೋಗಿ ಕೂತಿದ್ದಾರೆ, ಹಸಿವು ಬಾಯಾರಿಕೆಯಿಂದ ಸಾಯುತ್ತಿದ್ದಾರೆ ಎನ್ನುತ್ತಾನೆ. ಇಪ್ಪತ್ತು ದೋಣಿ ಕಟ್ಟಿಕೊಂಡು ಹೊರಟ, ಗಾಳಿ ಎದುರಾಗಿ ತಲುಪಲಾಗಲಿಲ್ಲ. ಬಡಗರು ಅಂದರೆ ಬಡಗಿನವರು, ಉತ್ತರದಿಂದ ಬಂದವರು. ತಮಿಳಿನಲ್ಲಿ ವಡುಗರ್. ನೀಲಗಿರಿಯ ಬಡಗರಿಗೂ ಇದಕ್ಕೂ ಸಂಬಂಧವಿಲ್ಲ. ಇದು ವಿಜಯನಗರದ ಪರವಾಗಿ ಬಂದ ದಂಡು ಎಂದೇ ಚರಿತ್ರಕಾರರು ಗುರುತಿಸುತ್ತಾರೆ.

ಈ ಪತ್ರದ ವಿಷಯ ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ನಿಜ, ಪತ್ರ ಬರೆದವನು ಒಂದು ಪಕ್ಷದವನು, ಅವನಿಗೆ ಅವನದೇ ಉದ್ದೇಶ ಇತ್ತು. ದಂಡಿನಲ್ಲಿ ತೆಲುಗರೆಷ್ಟು ಕನ್ನಡಿಗರೆಷ್ಟು ಅಂತ ವಾದ ಮಾಡುತ್ತ ಕೂರಲೂಬಹುದು. ಆದರೆ ಹಂಪಿಯ ಮುತ್ತಿನ ರಾಶಿ ಮಾತ್ರ ನಮ್ಮದು, ಬಂಡೆಯ ಮೇಲೆ ನೀರಿಲ್ಲದೆ ಕೂತವರ ಲೆಕ್ಕ ಮಾತ್ರ ಬೇರೆ ಯಾರದೋ ಅಂದರೆ ಅದು ಸುಳ್ಳು ಲೆಕ್ಕವಾಗುತ್ತದೆ. ಜನ ಇಲ್ಲದ ಬಂಡೆ ಬೇಕು, ಅದರ ಮೇಲೆ ರಾತ್ರಿ ಮಲಗಬೇಕು ಅಂತ ಆಸೆಪಟ್ಟು ಬಂದವನು ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಮಧ್ಯಾಹ್ನ ಆಟೋ ಹಿಡಿದು ಹಿಂದಿನ ಸ್ಟೇಷನ್ನಿನ ಕಡೆ ಹೋದೆವು. ಮಂಡಪಂಗೆ ಮೊದಲು ಸಿಗುವ ಈ ಸ್ಟೇಷನ್ನಿನ ಹೆಸರೇ 'ಮಂಡಪಂ ಕ್ಯಾಂಪ್'. ಎಗ್ಮೋರಿನ ರೈಲು ಬೋರ್ಡುಗಳಲ್ಲಿ ಈ ಹೆಸರು ಎಷ್ಟೋ ಸಲ ನೋಡಿದ್ದೆ, ಯಾವುದೋ ಮಿಲಿಟರಿ ಕ್ಯಾಂಪು ಇರಬೇಕು ಅಂದುಕೊಂಡಿದ್ದೆ. ಅಲ್ಲ. ಬೋಟ್ ಮೇಲ್ ದಾರಿ ತೆರೆದ ಮೇಲೆ ಸಿಲೋನ್ ಸರ್ಕಾರ ಭಾರತದ ನೆಲದಲ್ಲಿ ನಡೆಸುತ್ತಿದ್ದ ಕ್ವಾರಂಟೈನ್ ಕ್ಯಾಂಪು ಅದು. ಸಿಲೋನಿನ ಟೀ ತೋಟ, ರಬ್ಬರ್ ತೋಟಗಳಿಗೆ ತಮಿಳು ಜಿಲ್ಲೆಗಳಿಂದ ಕಂಗಾಣಿಗಳು ಒಟ್ಟುಮಾಡಿ ತಂದ ಕೂಲಿಜನರನ್ನು ಇಲ್ಲಿ ಇಳಿಸಿ ದಿನಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಕಾಲರಾ, ಪ್ಲೇಗು, ಸಿಡುಬು ದಾಟಿ ಹೋಗಬಾರದು ಅಂತ. ಚುಚ್ಚುಮದ್ದು, ಕೊಕ್ಕೆಹುಳಕ್ಕೆ ಔಷಧಿ, ಬಟ್ಟೆಗಳಿಗೆ ಹಬೆ. ಆಮೇಲೆ ಎಣಿಸಿ ಹಡಗಿಗೆ. ಮೇಲ್ದರ್ಜೆಯವರು ಅದೇ ಹಳಿಯ ಮೇಲೆ ರಾತ್ರಿ ನಿದ್ದೆ ಮಾಡಿ ಮರುದಿನ ಹಡಗಿನಲ್ಲಿ ಚಹಾ ಕುಡಿಯುತ್ತಿದ್ದರು. ಕೊರೋನಾ ಕಾಲದಲ್ಲಿ ನಾವೆಲ್ಲ ಕ್ವಾರಂಟೈನ್ ಶಬ್ದ ಹೊಸದಾಗಿ ಕಲಿತ ಹಾಗೆ ಮಾಡಿದೆವಲ್ಲ, ಇಲ್ಲಿಯ ಹಳೆಯ ತಲೆಗಳಿಗೆ ಅದು ಅಜ್ಜನ ಕಾಲದ ಶಬ್ದ.

ನಾನು 1984ರಲ್ಲಿ ಬಂದಾಗ ನನ್ನನ್ನು ಯಾರೂ ಇಳಿಸಿ ತಪಾಸಣೆ ಮಾಡಲಿಲ್ಲ. ಭಾಷೆ ಬಾರದ್ದಕ್ಕೆ ಒಂದಿಷ್ಟು ನಗೆಪಾಟಲಾದದ್ದು ಬಿಟ್ಟರೆ ನನ್ನ ವಲಸೆ ಸುಖದ ವಲಸೆ. ಇಲ್ಲಿಂದ ಹೋದವರ ಕಥೆ ನೋಡಿ. 1948ರಲ್ಲಿ ಸಿಲೋನಿನ ಹೊಸ ಪೌರತ್ವ ಕಾನೂನಿನಿಂದ ಅವರ ಮಕ್ಕಳು ಮೊಮ್ಮಕ್ಕಳು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಸಿರಿಮಾವೋ ಮತ್ತು ಶಾಸ್ತ್ರಿ ಸಹಿ ಹಾಕಿದ ಒಪ್ಪಂದದಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲೇ ಉಳಿಯಲಿ, ಇನ್ನು 1,50,000 ಜನರ ವಿಷಯ ಆಮೇಲೆ ನೋಡೋಣ ಅಂತ ತೀರ್ಮಾನವಾಯಿತು. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂದು ಧನುಷ್ಕೋಡಿಯನ್ನೇ ಅಳಿಸಿ ಹಾಕಿತು. ಪಾಂಬನ್‌ನಿಂದ ಹೊರಟಿದ್ದ ಪ್ಯಾಸೆಂಜರ್ ಗಾಡಿ ಜನರ ಸಮೇತ ಸಮುದ್ರಪಾಲಾಯಿತು. ಪಾಂಬನ್ ಸೇತುವೆಯನ್ನು ಇ. ಶ್ರೀಧರನ್ ಅವರ ತಂಡ 46 ದಿನಗಳಲ್ಲಿ ರಿಪೇರಿ ಮಾಡಿತು, ಧನುಷ್ಕೋಡಿಗೆ ಮಾತ್ರ ರೈಲು ಮತ್ತೆ ಹೋಗಲೇ ಇಲ್ಲ. ಆ ಮೇಲೆ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಬರುತ್ತಿದ್ದ ಹಡಗಿನಲ್ಲಿ ಸಾಮಾನು ಸರಂಜಾಮಿನೊಂದಿಗೆ, ಕಂಡೇ ಇರದ ತಾಯ್ನಾಡಿಗೆ ಬಂದಿಳಿದವರನ್ನು ಮೊದಲು ಕರೆದುಕೊಂಡು ಹೋದದ್ದೂ ಮಂಡಪಂ ಕ್ಯಾಂಪಿಗೇ. 1983ರ ಜುಲೈ ಗಲಭೆಯ ನಂತರ ನಿರಾಶ್ರಿತರು, ಅವರೂ ಇಲ್ಲಿಗೇ. 2022ರಲ್ಲಿ ಲಂಕೆಯ ಖಜಾನೆ ಬರಿದಾದಾಗ ಧನುಷ್ಕೋಡಿಯ ಮರಳದಿಬ್ಬಗಳ ಬಳಿ ದೋಣಿಯಿಂದ ಇಳಿದ ಕುಟುಂಬಗಳನ್ನೂ ಇಲ್ಲಿಗೇ ತಂದರು. ಹೊರಗಿನಿಂದ ನೋಡಿದೆವು ಅಷ್ಟೇ. ಗೇಟಿನ ಹತ್ತಿರ ಸ್ಕೂಲ್ ಯೂನಿಫಾರ್ಮಿನ ಮಕ್ಕಳು ಐಸ್ ಕ್ಯಾಂಡಿ ಚೀಪುತ್ತಿದ್ದರು. ಫೋಟೋ ತೆಗೆಯಲು ಮನಸ್ಸು ಬರಲಿಲ್ಲ.

ಇದೇ ಮಂಡಪಂ ಕ್ಯಾಂಪಿಗೆ 1949ರಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಬಂತು. 1971ರಲ್ಲಿ ಅದರ ಮುಖ್ಯ ಕಚೇರಿ ಕೊಚ್ಚಿಗೆ ಹೋಯಿತು. ಆ ಸಂಸ್ಥೆಯವರೇ 1973ರಲ್ಲಿ ತೂತ್ತುಕುಡಿಯಲ್ಲಿ ಕೃಷಿ ಮಾಡಿ ಮುತ್ತು ಬೆಳೆದು ತೋರಿಸಿದರು. ಅಷ್ಟರಲ್ಲಿ ಹಳೆಯ ಮುತ್ತಿನ ಹಂಗಾಮುಗಳ ಕಥೆ ಮುಗಿದಿತ್ತು. ತೂತ್ತುಕುಡಿಯಲ್ಲಿ 1955ರಿಂದ 1961ರವರೆಗೆ ನಡೆದದ್ದೇ ಕೊನೆ. ನಮ್ಮ ಎಗ್ಮೋರ್ ಮ್ಯೂಸಿಯಂನವರು 1920ರ ದಶಕದಲ್ಲಿ ಮಂಡಪಂ ಎದುರಿನ ಕ್ರುಸಡೈ ದ್ವೀಪದಲ್ಲಿ ದಡದ ಜೀವಿಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಗುರುತಿಸಿ 1927ರಲ್ಲಿ ಬುಲೆಟಿನ್ ತಂದಿದ್ದಾರೆ. ಆಗ ಸೂಪರಿಂಟೆಂಡೆಂಟ್ ಗ್ರೇವ್ಲಿ. ನನ್ನ ಅಳಿಯ ಟೆಂಟು ಹಾಕಬೇಕೆಂದು ಬೆರಳು ತೋರಿಸಿದ್ದು ಆ ಕಡೆಯ ದ್ವೀಪವನ್ನೇ. ನೂರು ವರ್ಷ ತಡವಾಯ್ತು ನೋಡು ಅಂದೆ.

ಈಗ ಅಲ್ಲಿ ಮುಳುಗುವವರು ಯಾರೂ ಇಲ್ಲ ಅಂದುಕೊಳ್ಳಬೇಡಿ. ಮೂರನೆಯ ದಿನ ಬೆಳಿಗ್ಗೆ ದಡದಲ್ಲಿ ಹೆಂಗಸರು ದೋಣಿಗೆ ಕಾಯುತ್ತಿದ್ದರು. ಮರಿಕ್ಕೊಳುಂದು ಎಂಬ ಕಡಲಪಾಚಿ ಕೀಳಲು ಹೊರಟವರು. ನಮ್ಮ ಐಸ್ ಕ್ರೀಮು, ಜೆಲ್ಲಿಗೆಲ್ಲ ಬೀಳುವ ಅಗರ್ ಇಂಥ ಪಾಚಿಯಿಂದಲೇ ಬರುವುದು. ಸೀರೆಯ ಮೇಲೆ ಗಂಡಸರ ಅಂಗಿ, ಬೆರಳುಗಳಿಗೆ ಬಟ್ಟೆಯ ಸುತ್ತು, ಕಣ್ಣಿಗೆ ಗಾಜು, ಸೊಂಟಕ್ಕೆ ಬಲೆಚೀಲ. ಸಿಲಿಂಡರ್ ಇಲ್ಲ, ಬರೀ ಉಸಿರು. ತಲೆತಲಾಂತರದಿಂದ ಹೋಗುತ್ತಿದ್ದ ಜಾಗಗಳೇ ಉದ್ಯಾನದ ಗಡಿಯೊಳಗೆ ಬಂದಾಗ ಇವರಿಗೆ ತೊಂದರೆ ಶುರುವಾಯಿತು. ಪಾಚಿ ಮತ್ತೆ ಬೆಳೆಯಲಿ ಅಂತ ತಿಂಗಳಿಗೆ ಹನ್ನೆರಡು ದಿನ ಮಾತ್ರ ಹೋಗುವುದೆಂದು ಇವರೇ ಕಟ್ಟು ಹಾಕಿಕೊಂಡರು. ಪಾಂಬನ್ ಬಳಿಯ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಎಂಬವರಿಗೆ ಇದಕ್ಕಾಗಿ ಹೋರಾಡಿದ್ದಕ್ಕೆ 2015ರಲ್ಲಿ ಅಮೆರಿಕದ ಸೀಕಾಲಜಿ ಸಂಸ್ಥೆಯ ಪ್ರಶಸ್ತಿ ಬಂತು. ಸದ್ಯ, ಮುಳುಗುವವರೊಬ್ಬರ ಹೆಸರಾದರೂ ಒಂದು ಕಡೆ ದಾಖಲಾಯಿತು.

ದೋಣಿಗೆ ಕಾಯುತ್ತಿದ್ದ ಒಬ್ಬಾಕೆ, ನನ್ನದೇ ವಯಸ್ಸು ಇರಬಹುದು, ನನ್ನ ಕೈಯಲ್ಲಿದ್ದ ನೋಟ್‌ಬುಕ್ಕು ನೋಡಿ ಕೇಳಿದರು: "ಏನು ಎಣಿಸಲಿಕ್ಕೆ ಬಂದಿದ್ದೀರಿ? ದೋಣಿನಾ, ಪಾಚಿನಾ, ನಮ್ಮನ್ನಾ?"

ಏನೂ ಇಲ್ಲಮ್ಮ, ಸುಮ್ಮನೆ ನೋಡಲಿಕ್ಕೆ ಬಂದದ್ದು, ನನ್ನ ಅಳಿಯನಿಗೆ ಮುಳುಗುವ ಹುಚ್ಚು ಅಂದೆ.

"ದುಡ್ಡು ಕೊಡ್ತಾರಾ ಅವನಿಗೆ?"

ಇವನೇ ದುಡ್ಡು ಕೊಟ್ಟು ಮುಳುಗುತ್ತಾನೆ ಅಂದೆ. ಆಕೆ ಪಕ್ಕದವರಿಗೆ ಅದನ್ನು ಹೇಳಿದರು. ದಡದುದ್ದಕ್ಕೂ ನಗು ಹರಡಿಕೊಂಡು ಹೋಯಿತು. ನಾನು ನಿಮಗೆ ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿದೆ. "ಗಡಿಯಾರ ಯಾರು ನೋಡ್ತಾರೆ, ಸಾಕು ಅನ್ನಿಸಿದಾಗ ಮೇಲೆ ಬರೋದು" ಅಂದು ದೋಣಿ ಹತ್ತಿದರು.

ಊರಿಗೆ, ಅಂದರೆ ಎಗ್ಮೋರಿಗೆ, ಬಂದ ಮೇಲೆ ಒಂದು ಭಾನುವಾರ ಮ್ಯೂಸಿಯಂಗೆ ಹೋದೆ. ನಮ್ಮ ಮಂಗಳೂರಿನ ತಿಮಿಂಗಿಲಕ್ಕೆ ನಮಸ್ಕಾರ ಹೇಳಿ ಚಿಪ್ಪುಗಳಿರುವ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತೆ. ಪಕ್ಕದಲ್ಲಿ ಶಾಲೆಯ ಮಕ್ಕಳ ಸಾಲು, ಟೀಚರಮ್ಮನ ಗದ್ದಲ. ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮೂಗು ಹಿಡಿದು, ಮೊಬೈಲಿನಲ್ಲಿ ಸೆಕೆಂಡು ನೋಡುತ್ತ ಉಸಿರು ಕಟ್ಟಿದೆ. ಮೂವತ್ತೊಂದಕ್ಕೆ ಬಿಟ್ಟೆ. ನೀರಿಲ್ಲದ ಕಡೆ, ಫ್ಯಾನಿನ ಕೆಳಗೆ, ಮೂವತ್ತೊಂದು.